ಟೆಕ್ಸಾಸಿನ ಕ್ರಯಪತ್ರವೂ ಅಂಗಳದ ತುಳಸಿಕಟ್ಟೆಯೂ

ಹೂಸ್ಟನ್, ಡಲ್ಲಾಸ್, ಆಸ್ಟಿನ್, ಸ್ಯಾನ್ ಆಂಟೋನಿಯೊ ಸುತ್ತಲಿನ ಬಡಾವಣೆಗಳಲ್ಲಿ ಮನೆ ಕೊಂಡಿರುವ, ಕೊಳ್ಳಲು ಹೊರಟಿರುವ ಕನ್ನಡಿಗರಿಗೆ ಬಹಿರಂಗ ಪತ್ರ

ಡೀಡ್ ರೆಸ್ಟ್ರಿಕ್ಷನ್ ಎನ್ನುವುದು ನೆಲದ ಮೇಲೆ ಬಿದ್ದಿರುವ ಷರತ್ತು. ಇಬ್ಬರ ನಡುವಿನ ಮಾಮೂಲಿ ಕರಾರು ಆ ಇಬ್ಬರನ್ನು ಮಾತ್ರ ಕಟ್ಟಿಹಾಕುತ್ತದೆ, ಇದು ಹಾಗಲ್ಲ. ಬಡಾವಣೆ ಮಾಡುವ ಡೆವಲಪರ್ ಮೊದಲ ಮನೆ ಮಾರುವುದಕ್ಕೂ ಮುಂಚೆ ಷರತ್ತುಗಳನ್ನೆಲ್ಲ ಬರೆದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿಬಿಡುತ್ತಾನೆ. ಅಲ್ಲಿಂದಾಚೆಗೆ ಮನೆ ಹತ್ತು ಕೈ ಬದಲಾದರೂ ಷರತ್ತು ಕದಲುವುದಿಲ್ಲ. ಹತ್ತನೆಯವರು ಅದಕ್ಕೆ ರುಜು ಹಾಕಿರಬೇಕೆಂದಿಲ್ಲ, ಅದನ್ನು ಕಣ್ಣಿನಿಂದ ನೋಡಿರಬೇಕೆಂದೂ ಇಲ್ಲ. ನೋಂದಣಿಯಾಗಿದೆ ಎಂದ ಮೇಲೆ ಕೊಂಡವರಿಗೆ ಗೊತ್ತಿತ್ತು ಎಂದೇ ಕಾನೂನಿನ ಲೆಕ್ಕ.

ಷರತ್ತುಗಳ ಸ್ವರೂಪ ಬಡಾವಣೆಯಿಂದ ಬಡಾವಣೆಗೆ ಬೇರೆ. ಮನೆ ಇಷ್ಟು ಚದರಡಿಗಿಂತ ಚಿಕ್ಕದಾಗಬಾರದು, ಮುಂಗೋಡೆಗೆ ಇಟ್ಟಿಗೆಯೋ ಕಲ್ಲೋ ಇರಬೇಕು, ಬೇಲಿ ಆರಡಿ ಮೀರಬಾರದು, ದೋಣಿ ಹೊತ್ತ ಟ್ರೇಲರ್ ಡ್ರೈವ್‌ವೇಯಲ್ಲಿ ನಿಲ್ಲಬಾರದು, ಕಸದ ಡಬ್ಬಿ ಬೀದಿಗೆ ಕಾಣಬಾರದು, ಬಾಗಿಲಿನ ಬಣ್ಣ ಬದಲಿಸುವ ಮುಂಚೆ ಮಾದರಿ ತೋರಿಸಿ ಒಪ್ಪಿಗೆ ಪಡೆಯಬೇಕು. ಇವೆಲ್ಲ ಕಣ್ಣಿಗೆ ಬೀಳುವ ಸಂಗತಿಗಳು. ನಿಜವಾದ ತೂಕ ಇರುವುದು ಅದೇ ಕಾಗದದಲ್ಲಿರುವ ಇನ್ನೆರಡು ಸಾಲುಗಳಿಗೆ. ಮನೆ ಕೊಂಡವರು ಕೇಳದೆಯೇ ಬಡಾವಣೆಯ ಮನೆ ಮಾಲೀಕರ ಸಂಘದ, ಅಂದರೆ ಅಸೋಸಿಯೇಷನ್ನಿನ, ಸದಸ್ಯರಾಗುತ್ತಾರೆ ಎಂಬುದು ಒಂದು. ವರ್ಷದ ವಂತಿಗೆ ಕಟ್ಟದಿದ್ದರೆ ಆ ಬಾಕಿ ಮನೆಯ ಮೇಲೆ ಋಣಭಾರವಾಗಿ ಕೂರುತ್ತದೆ ಎಂಬುದು ಇನ್ನೊಂದು.

ಈ ಕಲ್ಪನೆ ಹುಟ್ಟಿದ್ದು ಅಮೆರಿಕದಲ್ಲಲ್ಲ, ಲಂಡನ್ನಿನಲ್ಲಿ. ಅಲ್ಲಿನ ಲೆಸ್ಟರ್ ಸ್ಕ್ವೇರ್ ನಡುವಿನ ತೋಟವನ್ನು 1808ರಲ್ಲಿ ಅದರ ಒಡೆಯ ಮಾರಿದಾಗ, ಅದು ತೋಟವಾಗಿಯೇ ಉಳಿಯಬೇಕು, ಅದರ ಮೇಲೆ ಕಟ್ಟಡ ಏಳಬಾರದು ಎಂದು ಪತ್ರದಲ್ಲಿ ಬರೆಸಿಕೊಂಡ. ಹಲವು ಕೈ ದಾಟಿ ಬಂದ ಮೇಲೆ ಹೊಸ ಒಡೆಯ ಕಟ್ಟಡ ಕಟ್ಟಲು ಹೊರಟ. ನಾನೇನೂ ಮಾತು ಕೊಟ್ಟವನಲ್ಲ ಎಂಬುದು ಅವನ ವಾದ. ಷರತ್ತು ಇದೆಯೆಂದು ತಿಳಿದೂ ಕೊಂಡವನು ಅದನ್ನು ಮುರಿಯುವಂತಿಲ್ಲ ಎಂದು 1848ರಲ್ಲಿ ನ್ಯಾಯಾಲಯ ತಡೆ ಕೊಟ್ಟಿತು. ಟಲ್ಕ್ ಮತ್ತು ಮಾಕ್ಸ್‌ಹೇ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳೆಲ್ಲ ಉರು ಹೊಡೆಯುವುದು ಇದನ್ನೇ. ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 40ನೇ ಪ್ರಕರಣದಲ್ಲಿಯೂ ಇದೇ ತತ್ವವಿದೆ. ಆದ್ದರಿಂದ ಬೆಂಗಳೂರಿನಿಂದ ಹೋದವರಿಗೆ ವಿಷಯ ತೀರಾ ಹೊಸದಲ್ಲ; ಬಿಡಿಎ ನಿವೇಶನ ಹಂಚಿಕೆಯಾದವರು ಹತ್ತು ವರ್ಷ ಮಾರುವಂತಿಲ್ಲ ಎಂಬ ಲೀಸ್-ಕಮ್-ಸೇಲ್ ಕರಾರಿಗೆ ರುಜು ಹಾಕಿದ ಮನೆತನಗಳು ಎಷ್ಟೋ ಇವೆ. ಆದರೆ ಆ ಷರತ್ತಿಗೆ ಕೊನೆಯ ದಿನವೊಂದಿತ್ತು. ಟೆಕ್ಸಾಸಿನ ಬಡಾವಣೆಯ ಷರತ್ತು ಸಾಮಾನ್ಯವಾಗಿ ಇಪ್ಪತ್ತೈದು, ಮೂವತ್ತು, ನಲವತ್ತು ವರ್ಷ ನಡೆದು, ಆಮೇಲೆ ಯಾರೂ ಮುಟ್ಟದಿದ್ದರೆ ಹತ್ತು ಹತ್ತು ವರ್ಷಕ್ಕೆ ತಾನೇ ನವೀಕರಣವಾಗುತ್ತ ಹೋಗುತ್ತದೆ.

ಹೂಸ್ಟನ್ನಿನಲ್ಲಿ ಈ ಕಾಗದಕ್ಕೆ ಇನ್ನಷ್ಟು ಬಲವಿರಲು ಬೇರೆಯೇ ಕಾರಣವಿದೆ. ಅಮೆರಿಕದ ದೊಡ್ಡ ನಗರಗಳಲ್ಲಿ ವಲಯ ನಿಯಂತ್ರಣ, ಅಂದರೆ ಜೋನಿಂಗ್, ಇಲ್ಲದ ಊರು ಅದೊಂದೇ. 1948, 1962, 1993, ಮೂರು ಸಲ ಮತದಾರರ ಮುಂದೆ ಪ್ರಶ್ನೆ ಬಂದು ಮೂರು ಸಲವೂ ಬಿದ್ದುಹೋಯಿತು. ನಗರಪಾಲಿಕೆ ಹೇಳದ್ದನ್ನು ಅಲ್ಲಿ ಬಡಾವಣೆಯ ಕಾಗದ ಹೇಳುತ್ತದೆ: ಇಲ್ಲಿ ವಾಸದ ಮನೆ ಮಾತ್ರ, ಪಕ್ಕದಲ್ಲಿ ಕಾರು ರಿಪೇರಿ ಅಂಗಡಿ ಬೇಡ. ಖಾಸಗಿ ಷರತ್ತನ್ನು ನಗರದ ವಕೀಲರೇ ನ್ಯಾಯಾಲಯದಲ್ಲಿ ಜಾರಿ ಮಾಡಿಸುವ ವಿಚಿತ್ರ ವ್ಯವಸ್ಥೆಯೂ ಅಲ್ಲುಂಟು. ಎಂದರೆ ಅಕ್ಕಪಕ್ಕದವರ ಮನೆಯ ಬೆಲೆಯನ್ನು ಕಾಯುತ್ತಿರುವುದೂ ಇದೇ ಷರತ್ತು. ಕಸದ ಡಬ್ಬಿಯ ನೋಟಿಸಿಗೆ ಸಿಡಿಮಿಡಿಗೊಳ್ಳುವ ಮನೆಯವರೇ, ಎದುರು ಮನೆ ಗ್ಯಾರೇಜಾಗುವ ದಿನ ಅಸೋಸಿಯೇಷನ್ ಎಲ್ಲಿ ಸತ್ತಿದೆ ಎಂದು ಕೇಳುತ್ತಾರೆ.

ಈ ಕಾಗದಗಳ ಹಿಂದೆ ಮುಚ್ಚಿಡಲಾಗದ ಒಂದು ಚರಿತ್ರೆಯಿದೆ. ಹೂಸ್ಟನ್ನಿನ ರಿವರ್ ಓಕ್ಸ್ ಸೇರಿದಂತೆ 1920ರ ದಶಕದಿಂದ ಎದ್ದ ಬಡಾವಣೆಗಳ ಷರತ್ತುಗಳಲ್ಲಿ, ಬಿಳಿಯರಲ್ಲದವರಿಗೆ ಮನೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಸಾಲು ಬೇಲಿಯ ಎತ್ತರದ ಸಾಲಿನ ಪಕ್ಕದಲ್ಲೇ ಇರುತ್ತಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. ಹಾಗಾಗಿ ಆ ಸಾಲಿನ ಹೊರಗೆ ನಿಂತವರಲ್ಲಿ ಭಾರತದವರೂ ಸೇರುತ್ತಿದ್ದರು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಶೆಲ್ಲಿ ಮತ್ತು ಕ್ರೇಮರ್ ಪ್ರಕರಣದಲ್ಲಿ 1948ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತು. 1968ರ ಫೇರ್ ಹೌಸಿಂಗ್ ಕಾಯಿದೆ ಅದನ್ನು ಬರೆಯುವುದನ್ನೇ ಅಕ್ರಮ ಮಾಡಿತು. ಹಳೆಯ ಕಾಗದದಲ್ಲಿ ಆ ಅಕ್ಷರಗಳು ಇನ್ನೂ ಉಳಿದಿರಬಹುದು, ಅವುಗಳಲ್ಲಿ ಜೀವವಿಲ್ಲ. ದಾಖಲೆಯಿಂದಲೇ ತೆಗೆಸಿಹಾಕಲು ಟೆಕ್ಸಾಸ್ 2021ರಲ್ಲಿ ದಾರಿ ಮಾಡಿಕೊಟ್ಟಿದೆ.

ಇನ್ನು ಹಣದ ವಿಷಯ. ವಂತಿಗೆಯ ಬಾಕಿಗಾಗಿ ವಾಸದ ಮನೆಯನ್ನೇ ಹರಾಜು ಹಾಕಬಹುದೇ? ಸಾಲ ಕೊಟ್ಟವರು ಬಾಗಿಲಿಗೆ ಬಂದರೂ ವಾಸದ ಮನೆಯನ್ನು ಮುಟ್ಟದಂತೆ ಕಾಯುವುದು ಟೆಕ್ಸಾಸಿನ ಹಳೆಯ ಹೆಮ್ಮೆ. ಹೋಮ್‌ಸ್ಟೆಡ್ ರಕ್ಷಣೆ ಅಲ್ಲಿನ ಸಂವಿಧಾನದಲ್ಲೇ ಬರೆದಿದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ, ಆಸ್ಪತ್ರೆಯ ಬಿಲ್ಲಿಗೆ ಮನೆ ಹೋಗುವುದಿಲ್ಲ. ಅಸೋಸಿಯೇಷನ್ನಿನ ನಾಲ್ಕು ನೂರು ಡಾಲರಿಗೆ ಹೋಗುವುದೇ? ಹೋಗಬಹುದು ಎಂದಿತು ಟೆಕ್ಸಾಸ್ ಸುಪ್ರೀಂ ಕೋರ್ಟ್, 1987ರಲ್ಲಿ, ಹೂಸ್ಟನ್ನಿನ ಇನ್‌ವುಡ್ ನಾರ್ತ್ ಬಡಾವಣೆಯ ಪ್ರಕರಣದಲ್ಲಿ. ಅದರ ತರ್ಕ ಸರಳ: ಮನೆ ಹೋಮ್‌ಸ್ಟೆಡ್ ಆಗುವುದು ಜನ ಅದರಲ್ಲಿ ವಾಸಕ್ಕೆ ಇಳಿದಾಗ, ಆದರೆ ಋಣಭಾರದ ಷರತ್ತು ನೆಲಕ್ಕೆ ಅಂಟಿದ್ದು ಅದಕ್ಕೂ ಮುಂಚೆ, ಡೆವಲಪರ್ ಕಾಗದ ನೋಂದಾಯಿಸಿದ ದಿನ. ಮೊದಲು ಬಂದದ್ದಕ್ಕೆ ಮೊದಲ ಹಕ್ಕು. ಸಣ್ಣ ಮೊತ್ತಕ್ಕೆ ಕುಟುಂಬದ ಮನೆಯನ್ನೇ ತೆಗೆದುಕೊಳ್ಳುವುದು ಕಠೋರವಾಗಿ ಕಾಣಬಹುದು ಎಂದು ಒಪ್ಪಿಕೊಂಡೇ ನ್ಯಾಯಾಲಯ ಹಾಗೆ ಹೇಳಿತು.

ಆ ತೀರ್ಪಿನ ನೆರಳಿನಲ್ಲಿ ಹದಿನಾಲ್ಕು ವರ್ಷ ಕಳೆಯಿತು. ಹೂಸ್ಟನ್ ಭಾಗದಲ್ಲಿ ಸಾವಿರ ಡಾಲರೂ ದಾಟದ ಬಾಕಿಗೆ ವೃದ್ಧೆಯೊಬ್ಬರ ಮನೆ ಹರಾಜಾದ ಸುದ್ದಿ ಪತ್ರಿಕೆಗಳಲ್ಲಿ ಬಂದು ಜನ ರೊಚ್ಚಿಗೆದ್ದ ಮೇಲೆ, 2001ರಲ್ಲಿ ಶಾಸನಸಭೆ ಆಸ್ತಿ ಸಂಹಿತೆಗೆ 209ನೇ ಅಧ್ಯಾಯವನ್ನು ಸೇರಿಸಿತು. 2011 ಮತ್ತು 2021ರ ತಿದ್ದುಪಡಿಗಳು ಅದಕ್ಕೆ ಹಲ್ಲು ಕೊಟ್ಟವು. ಟೆಕ್ಸಾಸಿನಲ್ಲಿ ಬಿಡಿ ಮನೆ ಇರುವವರು ಹೆಸರು ಹಿಡಿದು ನೆನಪಿಡಬೇಕಾದ ಅಧ್ಯಾಯ ಇದು. ಅಪಾರ್ಟ್‌ಮೆಂಟ್ ಮಾದರಿಯ ಕಾಂಡೋ ಕೊಂಡವರಿಗೆ ಬೇರೆ ಅಧ್ಯಾಯ ಅನ್ವಯವಾಗುತ್ತದೆ, ಅದರಲ್ಲಿ ರಕ್ಷಣೆ ಕಡಿಮೆ.

209ನೇ ಅಧ್ಯಾಯ ಬಾಕಿ ಮತ್ತು ದಂಡ ಎರಡನ್ನೂ ಬೇರೆ ಬೇರೆ ಮಾಡುತ್ತದೆ. ವಂತಿಗೆಯ ಬಾಕಿಗೆ ಮನೆ ಹರಾಜಾಗಬಹುದು. ಬರೀ ದಂಡಕ್ಕೆ, ಬರೀ ಆ ದಂಡ ವಸೂಲಿಗೆ ತಗುಲಿದ ವಕೀಲರ ಫೀಸಿಗೆ ಆಗುವುದಿಲ್ಲ. ಹುಲ್ಲು ಕತ್ತರಿಸದ್ದಕ್ಕೆ ಎರಡು ಸಾವಿರ ಡಾಲರ್ ದಂಡ ಬೆಳೆದು ನಿಂತಿದ್ದರೂ ಮನೆಗೆ ಕೈಹಾಕುವಂತಿಲ್ಲ. ಹಿಂದೆ ಇಲ್ಲೊಂದು ಕೈಚಳಕ ನಡೆಯುತ್ತಿತ್ತು: ಮಾಲೀಕರು ವಂತಿಗೆ ಎಂದು ಕಳಿಸಿದ ಹಣವನ್ನು ದಂಡಕ್ಕೆ ಜಮೆ ಮಾಡಿಕೊಂಡು, ವಂತಿಗೆ ಬಾಕಿ ಇದೆ ಎಂದು ತೋರಿಸುವುದು. ಈಗ ಕಾನೂನು ಜಮೆಯ ಸರದಿಯನ್ನೇ ಗೊತ್ತುಮಾಡಿದೆ. ಮೊದಲು ಹಳೆಯ ವಂತಿಗೆ, ಆಮೇಲೆ ಈ ವರ್ಷದ ವಂತಿಗೆ, ಅನಂತರ ವಕೀಲರ ಫೀಸು. ದಂಡದ ಪಾಳಿ ಅದಕ್ಕೂ ಹಿಂದೆ. ಹದಿನಾಲ್ಕಕ್ಕಿಂತ ಹೆಚ್ಚು ನಿವೇಶನಗಳಿರುವ ಬಡಾವಣೆಯಲ್ಲಿ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಕನಿಷ್ಠ ಮೂರು ತಿಂಗಳ ಅವಕಾಶ ಕೊಡಲೇಬೇಕು. ಹರಾಜಿಗೆ ನ್ಯಾಯಾಲಯದ ಆದೇಶ ಬೇಕು. ಹರಾಜಾದ ಮೇಲೂ, ಅದರ ತಿಳುವಳಿಕೆ ಪತ್ರವನ್ನು ಅಸೋಸಿಯೇಷನ್ ಅಂಚೆಗೆ ಹಾಕಿದ ದಿನದಿಂದ 180 ದಿನದೊಳಗೆ ಬಾಕಿ, ಖರ್ಚು ಎಲ್ಲ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದು.

ಇಷ್ಟಿದ್ದೂ ಬಾಕಿ ಉಳಿಸಿ ಜಗಳವಾಡುವುದು ದಡ್ಡತನ. ಈಜುಕೊಳ ವರ್ಷದಿಂದ ಮುಚ್ಚಿದೆ, ಬೀದಿ ದೀಪ ಉರಿಯುವುದಿಲ್ಲ, ಆದ್ದರಿಂದ ವಂತಿಗೆ ಕೊಡುವುದಿಲ್ಲ ಎಂಬ ಸತ್ಯಾಗ್ರಹ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೆಲವು ತಿಂಗಳು ನಡೆದೀತು. ಟೆಕ್ಸಾಸಿನಲ್ಲಿ ಅದು ಅಸೋಸಿಯೇಷನ್ನಿನ ಕೈಗೆ ತಾನಾಗಿ ಕೊಟ್ಟ ಆಯುಧ. ಹಣ ಕಟ್ಟಿ, ತಕರಾರನ್ನು ಬರಹದಲ್ಲಿ ಇಟ್ಟು, ಆಮೇಲೆ ಹೋರಾಡುವುದೇ ಸರಿಯಾದ ಕ್ರಮ.

ವ್ಯಾಜ್ಯ ಸಾಮಾನ್ಯವಾಗಿ ಆರಂಭವಾಗುವುದು ಒಂದು ಲಕೋಟೆಯಿಂದ. ಕಳಿಸಿದವರು ಅಸೋಸಿಯೇಷನ್ ಅಲ್ಲ, ಅದು ಸಂಬಳಕ್ಕೆ ಇಟ್ಟುಕೊಂಡ ಮ್ಯಾನೇಜ್‌ಮೆಂಟ್ ಕಂಪನಿ. ಒಳಗೆ ಒಂದು ಹಾಳೆ, ಕಾರಿನ ಕಿಟಕಿಯಿಂದ ತೆಗೆದ ಒಂದು ಫೋಟೊ. ಫೋಟೊದಲ್ಲಿ ಗ್ಯಾರೇಜಿನ ಪಕ್ಕ ನಿಂತ ಕಸದ ಡಬ್ಬಿ. ಅಥವಾ ಹಿತ್ತಲ ಬೇಲಿಯ ಮೇಲೆ ಒಂದೂವರೆ ಅಡಿ ತಲೆಯೆತ್ತಿದ ಮರದ ಶೆಡ್ಡು. ಕೆಳಗೆ ಇಂತಿಷ್ಟನೇ ನಿಬಂಧನೆ ಉಲ್ಲಂಘನೆಯಾಗಿದೆ, ಇಷ್ಟು ದಿನದಲ್ಲಿ ಸರಿಪಡಿಸಿ ಎಂಬ ಸೂಚನೆ. ಮೊದಲ ಪತ್ರ ಸಾಮಾನ್ಯ ಅಂಚೆಯಲ್ಲಿ ಬಂದಿದ್ದರೆ ಅದು ಬರೀ ನೆನಪೋಲೆ. ದಂಡ ಹಾಕುವ, ದಾವೆ ಹೂಡುವ ಮುಂಚಿನ ಪತ್ರ ಹಾಗಲ್ಲ. ಅದು ಕಳಿಸಿದ್ದಕ್ಕೆ ಅಂಚೆಯ ದಾಖಲೆ ಇರುವ ರೀತಿಯಲ್ಲೇ, ಹೆಚ್ಚಾಗಿ ಸರ್ಟಿಫೈಡ್ ಮೇಲ್ ಮೂಲಕ ಬರಬೇಕು. ತಪ್ಪು ಯಾವುದು, ಬಾಕಿ ಎಷ್ಟು, ಸರಿಪಡಿಸಲು ಗಡುವು ಯಾವುದು, ಆಡಳಿತ ಮಂಡಳಿಯ ಮುಂದೆ ವಿಚಾರಣೆ ಕೇಳುವ ಹಕ್ಕಿದೆ ಎಂಬುದು, ಇಷ್ಟೂ ಅದರಲ್ಲಿ ಇರಬೇಕು. ಸರಿಪಡಿಸಬಹುದಾದ ತಪ್ಪನ್ನು ಗಡುವಿನೊಳಗೆ ಸರಿಪಡಿಸಿದರೆ ದಂಡ ಹಾಕುವಂತಿಲ್ಲ. ಆದರೆ ಅಂಥದೇ ತಪ್ಪಿಗೆ ಹಿಂದಿನ ಆರು ತಿಂಗಳಲ್ಲಿ ಒಮ್ಮೆ ಎಚ್ಚರಿಕೆ ಕೊಟ್ಟಾಗಿದ್ದರೆ ಆ ರಿಯಾಯಿತಿ ಇಲ್ಲ.

ವಿಚಾರಣೆ ಕೇಳಲು 30 ದಿನದ ಗಡುವಿದೆ; ಹಾಗೆ ಕೇಳಿ ಬರೆದುಕೊಂಡರೆ ಮಂಡಳಿ 30 ದಿನದೊಳಗೆ ಅದನ್ನು ನಡೆಸಬೇಕು. ತಾನು ಮುಂದಿಡಲಿರುವ ಫೋಟೊ, ಕಾಗದಪತ್ರಗಳನ್ನು ಹತ್ತು ದಿನ ಮುಂಚೆಯೇ ಮಾಲೀಕರ ಕೈಗೆ ಕೊಡಬೇಕು. ಕೊಡದಿದ್ದರೆ 15 ದಿನ ಮುಂದೂಡಿಸಿಕೊಳ್ಳುವುದು ಮಾಲೀಕರ ಹಕ್ಕು. ಇದು 2021ರಿಂದ ಬಂದದ್ದು. ಅದಕ್ಕೂ ಮುಂಚೆ ಎಷ್ಟೋ ವಿಚಾರಣೆಗಳಲ್ಲಿ ಮಾಲೀಕರು ತಮ್ಮ ಮೇಲಿನ ಸಾಕ್ಷ್ಯವನ್ನು ಮೊದಲು ನೋಡುತ್ತಿದ್ದುದೇ ಆ ಕೋಣೆಯಲ್ಲಿ. ದಂಡಕ್ಕೆ ರಾಜ್ಯದ ಕಾನೂನು ಇಷ್ಟೇ ಎಂಬ ಗರಿಷ್ಠ ಮಿತಿ ಹಾಕಿಲ್ಲ. ಆದರೆ ಯಾವ ತಪ್ಪಿಗೆ ಎಷ್ಟು ದಂಡ ಎಂಬ ಪಟ್ಟಿಯನ್ನು ಅಸೋಸಿಯೇಷನ್ ಮಾಡಿ ಸದಸ್ಯರಿಗೆ ಸಿಗುವಂತೆ ಇಡಬೇಕೆಂದು 2024ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ನೋಟಿಸಿನಲ್ಲಿರುವ ಮೊತ್ತ ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಮೊದಲ ಕೆಲಸ.

ಷರತ್ತಿನ ಕಾಗದದಲ್ಲಿ ಏನೇ ಬರೆದಿರಲಿ, ಕೆಲವು ವಿಷಯಗಳಲ್ಲಿ ಅಸೋಸಿಯೇಷನ್ ಕೈಕಟ್ಟಿ ನಿಲ್ಲಬೇಕು ಎಂದು ಅದೇ ಆಸ್ತಿ ಸಂಹಿತೆಯ 202ನೇ ಅಧ್ಯಾಯ ಹೇಳುತ್ತದೆ. ಕನ್ನಡದ ಮನೆಗಳಿಗೆ ಹೆಚ್ಚು ಹತ್ತಿರದ್ದು ಧಾರ್ಮಿಕ ವಸ್ತುಗಳ ವಿಷಯ. 2011ರ ಕಾನೂನು ಬಾಗಿಲಿನ ಮೇಲೆ 25 ಚದರ ಅಂಗುಲದಷ್ಟು ಜಾಗ ಬಿಟ್ಟಿತ್ತು. ಒಂದು ಪುಟ್ಟ ಗಣಪತಿ ಕೂರುವಷ್ಟು, ಮಾವಿನ ತೋರಣಕ್ಕೆ ಸಾಲದಷ್ಟು. 2021ರಲ್ಲಿ ಅದು ಹೋಯಿತು. ಈಗ ಮನಃಪೂರ್ವಕ ನಂಬಿಕೆಯಿಂದ ಇಟ್ಟ ಧಾರ್ಮಿಕ ವಸ್ತುವನ್ನು ಬಾಗಿಲಿನಲ್ಲಷ್ಟೇ ಅಲ್ಲ, ಮನೆಯ ಮೇಲೆ, ಅಂಗಳದಲ್ಲಿ ಎಲ್ಲಿಟ್ಟರೂ ಅಸೋಸಿಯೇಷನ್ ತಡೆಯುವಂತಿಲ್ಲ. ತೋರಣ, ಬಾಗಿಲ ಮೇಲಿನ ಗಣಪತಿ, ಅಂಗಳದ ತುಳಸಿಕಟ್ಟೆ ಎಲ್ಲವೂ ಈ ನೆರಳಿನಡಿ ಬರುತ್ತವೆ.

ತುಳಸಿಕಟ್ಟೆಯ ವಿಷಯದಲ್ಲಿ ಒಂದು ಕೊಕ್ಕೆ ಇದೆ. ಕಾನೂನು ಕೊಟ್ಟ ವಿನಾಯಿತಿಗಳಲ್ಲಿ, ಕಟ್ಟಡ ರೇಖೆಯನ್ನೋ ಈಸ್‌ಮೆಂಟನ್ನೋ ಮೀರಿ ನಿಂತ ವಸ್ತುವನ್ನು ತೆಗೆಸಬಹುದು ಎಂಬುದೂ ಒಂದು. ಬಡಾವಣೆಯ ನಕ್ಷೆಯಲ್ಲಿ, ಅಂದರೆ ಪ್ಲ್ಯಾಟಿನಲ್ಲಿ, ಬೀದಿಯ ಕಡೆಯಿಂದ 20 ಅಥವಾ 25 ಅಡಿ ಬಿಟ್ಟು ಒಂದು ಚುಕ್ಕೆಗೆರೆ ಎಳೆದಿರುತ್ತದೆ. ಅಮೆರಿಕದ ಮುಂದಿನಂಗಳದ ಬಹುಭಾಗ ಆ ಗೆರೆಯ ಆಚೆಗೇ ಇರುವುದು. ಇಟ್ಟಿಗೆ, ಸಿಮೆಂಟು ಹಾಕಿ ಗಟ್ಟಿಯಾಗಿ ಕಟ್ಟಿದ ಕಟ್ಟೆ ಗೆರೆಯಾಚೆ ಬಿದ್ದರೆ ತಕರಾರಿಗೆ ಎಡೆಯಾಯಿತು. ಅದನ್ನು ನಾಲ್ಕು ಹೆಜ್ಜೆ ಹಿಂದಕ್ಕೆ, ಮನೆಯ ಗೋಡೆಗೆ ಹತ್ತಿರ ತಂದರೆ ಕಾನೂನು ತುಳಸಿಯ ಪಕ್ಷ. ಕಟ್ಟೆ ಕಟ್ಟುವ ಮುಂಚೆ ಪ್ಲ್ಯಾಟ್ ನೋಡಿದರೆ ಮುಗಿಯುವ ಮಾತು ಇದು, ವಕೀಲರವರೆಗೆ ಹೋಗಬೇಕಾದದ್ದಲ್ಲ.

ಬಾವುಟದ ಕತೆ ಬೇರೆ. ಅಮೆರಿಕದ ಬಾವುಟ, ಟೆಕ್ಸಾಸಿನ ಬಾವುಟ, ಸೇನಾ ವಿಭಾಗಗಳ ಬಾವುಟ ಹಾರಿಸುವುದನ್ನು ಅಸೋಸಿಯೇಷನ್ ತಡೆಯುವಂತಿಲ್ಲ. ರಾಜ್ಯೋತ್ಸವದ ಹಳದಿ-ಕೆಂಪು ಬಾವುಟ ಆ ಪಟ್ಟಿಯಲ್ಲಿಲ್ಲ. ನವೆಂಬರಿನಲ್ಲಿ ಅದನ್ನು ಮನೆ ಮುಂದೆ ಕಟ್ಟಿದಾಗ ಯಾರೂ ಏನೂ ಅನ್ನದಿದ್ದರೆ ಅದು ನೆರೆಯವರ ಸೌಜನ್ಯ. ಡಿಶ್ ಆಂಟೆನಾಕ್ಕೆ ರಕ್ಷಣೆ ಕೊಡುವುದು ಕೇಂದ್ರದ ನಿಯಮ: 1996ರಿಂದ, ಒಂದು ಮೀಟರಿಗಿಂತ ದೊಡ್ಡದಲ್ಲದ ಡಿಶ್ಶನ್ನು ಸ್ವಂತ ಮನೆಯ ಮೇಲೆ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡುವಂತಿಲ್ಲ. ಮಳೆನೀರಿನ ಪೀಪಾಯಿ, ಗೊಬ್ಬರದ ಗುಂಡಿ, ನೀರು ಕಡಿಮೆ ಬೇಡುವ ಗಿಡಗಳು, ಇವುಗಳನ್ನೂ ಪೂರ್ತಿಯಾಗಿ ನಿಷೇಧಿಸುವಂತಿಲ್ಲ. ಎಲ್ಲಿಡಬೇಕು, ಹೇಗೆ ಕಾಣಬೇಕು ಎಂದಷ್ಟೇ ಹೇಳಬಹುದು. ಸೌರ ಫಲಕದ ನಿಯಮದಲ್ಲಿ ಜಾಣತನವಿದೆ. ಚಾವಣಿಯ ಯಾವ ಇಳಿಜಾರಿನಲ್ಲಿ ಹಾಕಬೇಕೆಂದು ಅಸೋಸಿಯೇಷನ್ ಸೂಚಿಸಬಹುದು, ಆದರೆ ಮಾಲೀಕರು ಆರಿಸಿದ ಜಾಗದಲ್ಲಿ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ವಿದ್ಯುತ್ ಸಿಗುವುದಾದರೆ ಮಾಲೀಕರ ಮಾತೇ ನಡೆಯುತ್ತದೆ.

ಹೊಸದಾಗಿ ಏನಾದರೂ ಕಟ್ಟುವಾಗ ಮುಂಗಡ ಒಪ್ಪಿಗೆ ಬೇಕು. ಹೆಚ್ಚಿನ ಜಗಳ ಬೆಳೆಯುವುದು ಇಲ್ಲೇ. ಹಿತ್ತಲಿಗೆ ಚಪ್ಪರದಂಥ ಪರ್ಗೋಲ, ಅಪ್ಪ-ಅಮ್ಮ ಬಂದಾಗ ಕೂರಲು ಗಾಜಿನ ಜಗಲಿ, ಯಾವುದಕ್ಕೂ ಅರ್ಜಿ ಬರೆದು, ನಕ್ಷೆ ಲಗತ್ತಿಸಿ, ವಾಸ್ತು ಪರಿಶೀಲನಾ ಸಮಿತಿಗೆ ಕೊಡಬೇಕು. ಈ ವಾಸ್ತುವಿಗೂ ಮನೆಯ ಮೂಲೆ ನೋಡುವ ವಾಸ್ತುವಿಗೂ ಸಂಬಂಧವಿಲ್ಲ, ಕಟ್ಟುನಿಟ್ಟಿನಲ್ಲಿ ಮಾತ್ರ ಎರಡೂ ಸಮ. ನಲವತ್ತಕ್ಕಿಂತ ಹೆಚ್ಚು ನಿವೇಶನಗಳ ಬಡಾವಣೆಯಲ್ಲಿ ಆಡಳಿತ ಮಂಡಳಿಯ ಸದಸ್ಯರಾಗಲಿ, ಅವರ ಮನೆಯವರಾಗಲಿ ಈ ಸಮಿತಿಯಲ್ಲಿ ಕೂರುವಂತಿಲ್ಲ ಎಂದು 2021ರ ತಿದ್ದುಪಡಿ ಹೇಳಿದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು, ಏನು ಬದಲಿಸಿದರೆ ಒಪ್ಪಬಹುದು ಎಂಬುದನ್ನು ಬರಹದಲ್ಲಿ ಕೊಡಬೇಕು. ಒಪ್ಪಲಾಗದು ಎಂಬ ಒಂದು ಸಾಲಿನ ಉತ್ತರ ಈಗ ನಿಲ್ಲುವುದಿಲ್ಲ. ತಿರಸ್ಕಾರದ ವಿರುದ್ಧ ಮಂಡಳಿಯ ಮುಂದೆ ವಿಚಾರಣೆ ಕೇಳಲೂ 30 ದಿನವೇ. ಅನುಮತಿ ಇಲ್ಲದೆ ಕಟ್ಟಿ ಆಮೇಲೆ ಕೇಳಿದರಾಯಿತು ಎಂಬ ನಮ್ಮ ಊರಿನ ಅಭ್ಯಾಸಕ್ಕೆ, ಅಲ್ಲಿ ಅಕ್ರಮ-ಸಕ್ರಮ ಎಂಬ ಯೋಜನೆ ಬರುವುದಿಲ್ಲ.

ಕಾಗದ ಮೌನವಾಗಿದ್ದರೆ? ಆ ಮೌನ ಮಾಲೀಕರ ಆಸ್ತಿ. ಸ್ಯಾನ್ ಆಂಟೋನಿಯೊದ ಟಿಂಬರ್‌ವುಡ್ ಪಾರ್ಕ್ ಬಡಾವಣೆಯ ಮಾಲೀಕರೊಬ್ಬರು ಕೆಲಸದ ವರ್ಗಾವಣೆಯಿಂದ ಹೂಸ್ಟನ್ನಿಗೆ ಹೋದ ಮೇಲೆ ತಮ್ಮ ಮನೆಯನ್ನು ಕೆಲವೇ ದಿನಗಳ ಬಾಡಿಗೆಗೆ ಕೊಡತೊಡಗಿದರು. ವಾಸಕ್ಕೆ ಮಾತ್ರ ಎಂಬ ಷರತ್ತು ಮುರಿದಿದೆ ಎಂದು ಅಸೋಸಿಯೇಷನ್ ದಂಡ ಹಾಕಿತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಅಸೋಸಿಯೇಷನ್ ಗೆದ್ದಿತು. 2018ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಎರಡು ರಾತ್ರಿ ಮಲಗುವವರೂ ಆ ಮನೆಯನ್ನು ವಾಸಕ್ಕೇ ಬಳಸುತ್ತಿದ್ದಾರೆ. ಇಷ್ಟು ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡಬಾರದು ಎಂದು ಕಾಗದದಲ್ಲಿ ಎಲ್ಲಿದೆ? ಇಲ್ಲದ ಮಾತನ್ನು ನ್ಯಾಯಾಲಯ ಸೇರಿಸುವುದಿಲ್ಲ ಎಂಬುದು ತೀರ್ಪಿನ ಸಾರ. ಷರತ್ತನ್ನು ಅದರ ಉದ್ದೇಶಕ್ಕೆ ತಕ್ಕಂತೆ ಉದಾರವಾಗಿ ಅರ್ಥೈಸಬೇಕು ಎಂದು 202ನೇ ಅಧ್ಯಾಯದಲ್ಲಿರುವ ವಾಕ್ಯವನ್ನು ಹಿಡಿದುಕೊಂಡು ಎಲ್ಲವನ್ನೂ ನಿಷೇಧಿಸಬಹುದು ಎಂದುಕೊಂಡಿದ್ದ ಅಸೋಸಿಯೇಷನ್ನುಗಳಿಗೆ ಇದು ಪಾಠವಾಯಿತು.

ಈ ಪತ್ರದ ಮುಖ್ಯ ಮಾತೂ ಅದೇ. ಅಸೋಸಿಯೇಷನ್ ಸರ್ಕಾರವಲ್ಲ. ನೋಟಿಸಿನ ತಲೆಬರಹ, ಸೀಲು, ಗಂಭೀರ ಇಂಗ್ಲಿಷು ನೋಡಿ ಹಾಗೆನಿಸಬಹುದು; ವೀಸಾ ಅವಧಿಯ ಚಿಂತೆಯಲ್ಲಿ ಬದುಕುವವರಿಗೆ ಯಾವ ಅಧಿಕೃತ ಲಕೋಟೆ ಕಂಡರೂ ಎದೆ ಝಲ್ಲೆನ್ನುವುದು ಸಹಜ. ಅದು ನೆರೆಹೊರೆಯವರ ಒಂದು ಸಂಘ, ಅಷ್ಟೆ. ಅದರ ಅಧಿಕಾರ ನೋಂದಾಯಿತ ಕಾಗದ ಎಷ್ಟು ಉದ್ದವೋ ಅಷ್ಟು. ನೋಂದಣಿಯಾಗದ ನಿಯಮಕ್ಕೆ ಬಲವೇ ಇಲ್ಲ ಎಂದು ಕಾನೂನು ಬಾಯಿಬಿಟ್ಟು ಹೇಳಿದೆ. ಆದ್ದರಿಂದ ನೋಟಿಸಿನಲ್ಲಿ ಹೇಳಿದ ನಿಬಂಧನೆ ಯಾವ ದಾಖಲೆಯಲ್ಲಿದೆ, ಅದು ಕೌಂಟಿಯಲ್ಲಿ ಯಾವ ದಿನ ನೋಂದಣಿಯಾಯಿತು ಎಂಬ ಪ್ರಶ್ನೆಯಿಂದಲೇ ಉತ್ತರ ಶುರುವಾಗಬೇಕು. ಮಂಡಳಿಯೇ ಮಾಡಿದ ನಿಯಮ ಮೂಲ ಘೋಷಣಾ ಪತ್ರವನ್ನು ಮೀರುವಂತಿಲ್ಲ. ಮೂಲ ಪತ್ರವನ್ನೇ ತಿದ್ದಬೇಕಾದರೆ, ಅದರಲ್ಲೇ ಕಡಿಮೆ ಪ್ರಮಾಣ ಹೇಳಿರದಿದ್ದರೆ, ಒಟ್ಟು ಮತಗಳ ಶೇ 67 ಬೇಕು.

ಕಡತ ನೋಡುವ ಹಕ್ಕೂ ಇದೆ. ಲೆಕ್ಕಪತ್ರ, ನಡಾವಳಿ, ಗುತ್ತಿಗೆಯ ಕರಾರುಗಳನ್ನು ಕೇಳಿ ಸರ್ಟಿಫೈಡ್ ಮೇಲಿನಲ್ಲಿ ಬರೆದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು, ಆಗದಿದ್ದರೆ ಇನ್ನು ಹದಿನೈದರಲ್ಲಿ. ಮಂಡಳಿಯ ಸಭೆಗಳು ಸದಸ್ಯರಿಗೆ ಮುಕ್ತ. ಮಾಮೂಲಿ ಸಭೆಗೆ 144 ಗಂಟೆ, ವಿಶೇಷ ಸಭೆಗೆ 72 ಗಂಟೆ ಮುಂಚೆ ತಿಳಿಸಬೇಕು. ವಂತಿಗೆ ಬಾಕಿ ಇದ್ದರೂ ಮತದಾನದ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ. ಹೊಸ ಬಡಾವಣೆಯಲ್ಲಿ ಮಂಡಳಿ ಎಂದರೆ ಬಿಲ್ಡರ್ ನೇಮಿಸಿದ ಮೂವರು. ನಿವೇಶನಗಳ ಶೇ 75 ಮಾರಾಟವಾದ 120 ದಿನದೊಳಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನಗಳಿಗೆ ಮಾಲೀಕರಿಂದಲೇ ಚುನಾವಣೆ ನಡೆಯಬೇಕು. ಕನ್ನಡ ಸಂಘದ ಚುನಾವಣೆಗೆ ತೋರಿಸುವ ಹುರುಪಿನ ಕಾಲು ಭಾಗ ಇಲ್ಲಿ ತೋರಿಸಿದರೂ ಮಂಡಳಿಗಳ ಬಣ್ಣ ಬದಲಾದೀತು. ತುಳಸಿ ಎಂದರೇನು ಎಂದು ಗೊತ್ತಿರುವ ಒಬ್ಬರು ಒಳಗಿದ್ದರೆ, ಹೊರಗೆ ಹತ್ತು ಪತ್ರ ಬರೆಯುವ ಕೆಲಸ ಉಳಿಯುತ್ತದೆ.

ನ್ಯಾಯಾಲಯದ ಮೆಟ್ಟಿಲು ಹತ್ತುವುದು ಕೊನೆಯ ದಾರಿ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಟೆಕ್ಸಾಸಿಗೂ ಸಲ್ಲುತ್ತದೆ. ಷರತ್ತು ಮುರಿದಿದೆ ಎಂದು ದಾವೆ ಹೂಡಿ ಗೆದ್ದವರ ವಕೀಲರ ಫೀಸನ್ನು ಸೋತವರು ಕೊಡಬೇಕು. ಪ್ರತಿವಾದಿಯಾಗಿ ಗೆದ್ದ ಮಾಲೀಕರಿಗೆ ಆ ಸೌಲಭ್ಯ ತಾನಾಗಿ ಸಿಗುವುದಿಲ್ಲ. ಜೊತೆಗೆ ಉಲ್ಲಂಘನೆ ನಡೆದ ಪ್ರತಿ ದಿನಕ್ಕೆ 200 ಡಾಲರ್‌ವರೆಗೆ ಪರಿಹಾರ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ 209ನೇ ಅಧ್ಯಾಯವನ್ನು ಅಸೋಸಿಯೇಷನ್ನೇ ಮುರಿದಾಗ, ನೋಟಿಸ್ ಕೊಡದೆ ದಂಡ ಹಾಕಿದಾಗ, ಕಡತ ತೋರಿಸದಿದ್ದಾಗ, ಮಾಲೀಕರು ತಮ್ಮ ಪ್ರದೇಶದ ಜಸ್ಟಿಸ್ ಕೋರ್ಟಿಗೇ ಹೋಗಬಹುದು. ಅಲ್ಲಿ ಖರ್ಚು ಕಡಿಮೆ, ವಕೀಲರು ಕಡ್ಡಾಯವಲ್ಲ. ನಾಲ್ಕು ವರ್ಷಕ್ಕೂ ಹಿಂದಿನ ಉಲ್ಲಂಘನೆಯ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಕಾಲ ಮೀರಿರುತ್ತದೆ ಎಂಬುದೂ ಹಳೆಯ ಶೆಡ್ಡಿನ ಮಾಲೀಕರಿಗೆ ಸಮಾಧಾನದ ಸಂಗತಿ.

ಇವೆಲ್ಲ ಬಂದೊದಗಿದ ಮೇಲಿನ ಮಾತು. ಕೊಳ್ಳುವ ಮುಂಚೆ ಓದಿದರೆ ಅರ್ಧ ತಗಾದೆ ಇಲ್ಲ. ಬೆಂಗಳೂರಿನಲ್ಲಿ ಮೂಲಪತ್ರ, ಇಸಿ, ಖಾತೆ ಎಂದು ಕಡತವನ್ನು ಇಬ್ಬರು ವಕೀಲರಿಗೆ ತೋರಿಸುವವರು, ಟೆಕ್ಸಾಸಿನಲ್ಲಿ ಕ್ಲೋಸಿಂಗ್ ದಿನ ಬಾಣ ಗುರುತು ಅಂಟಿಸಿದ ಕಡೆಯಲ್ಲೆಲ್ಲ ರುಜು ಹಾಕಿ ಬೀಗದ ಕೈ ಇಸಿದುಕೊಂಡು ಬರುತ್ತಾರೆ. ಟೈಟಲ್ ಕಂಪನಿ ಕೊಡುವ ಟೈಟಲ್ ಕಮಿಟ್‌ಮೆಂಟ್ ಎಂಬ ಕಾಗದದಲ್ಲಿ ಷೆಡ್ಯೂಲ್ ಬಿ ಎಂಬ ಭಾಗವಿದೆ. ಅದರ ಮೊದಲ ಅಂಶವೇ ಈ ನಿಬಂಧನೆಗಳು, ಅವು ನೋಂದಣಿಯಾದ ಸಂಖ್ಯೆಗಳ ಸಮೇತ. ಆ ಸಂಖ್ಯೆ ಹಿಡಿದು ಇಡೀ ದಾಖಲೆ ತರಿಸಿಕೊಳ್ಳಬಹುದು. ಅಸೋಸಿಯೇಷನ್ನಿನಿಂದ ಬರುವ ಮರುಮಾರಾಟ ಪ್ರಮಾಣಪತ್ರದಲ್ಲಿ ಹಿಂದಿನವರ ಬಾಕಿ, ಈಗಾಗಲೇ ಗೊತ್ತಾಗಿರುವ ಉಲ್ಲಂಘನೆಗಳು ಇರುತ್ತವೆ. ಅದಕ್ಕೆ 375 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ. ಯಾವ ಕಂಪನಿ ಯಾವ ಬಡಾವಣೆಯನ್ನು ನೋಡಿಕೊಳ್ಳುತ್ತಿದೆ ಎಂಬ ವಿವರ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ.

ಕೊನೆಗೆ ಒಂದು ಸಣ್ಣ ಲೆಕ್ಕ. ವಿಚಾರಣೆ ಕೇಳುವ 30 ದಿನದ ಎಣಿಕೆ ಶುರುವಾಗುವುದು ಪತ್ರ ಕೈಗೆ ಸಿಕ್ಕ ದಿನದಿಂದಲ್ಲ, ಅದನ್ನು ಅಂಚೆಗೆ ಹಾಕಿದ ದಿನದಿಂದ. ಡಿಸೆಂಬರಿನಲ್ಲಿ ಮೈಸೂರಿಗೋ ಹುಬ್ಬಳ್ಳಿಗೋ ಐದು ವಾರ ಹೋಗಿ ಬಂದವರಿಗೆ ಬಾಗಿಲಲ್ಲಿ ಕಾಣುವುದು ಅಂಚೆಯವನು ಅಂಟಿಸಿ ಹೋದ ಚೀಟಿ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ನೋಟಿಸ್ ಹೋಗುವುದು ಅಸೋಸಿಯೇಷನ್ನಿನ ಕಡತದಲ್ಲಿರುವ ವಿಳಾಸಕ್ಕೆ. ಊರಿಗೆ ಟಿಕೆಟ್ ತೆಗೆದವರು ಹೊರಡುವ ಮುಂಚೆ, ಅಂಚೆ ತೆರೆದು ಓದಿ ಫೋನ್ ಮಾಡಬಲ್ಲ ನಂಬಿಕಸ್ತರೊಬ್ಬರ ವಿಳಾಸವನ್ನು ಆ ಕಡತದಲ್ಲಿ ಬರಹದ ಮೂಲಕ ಸೇರಿಸಿ ಹೋಗಬೇಕು.